ಇಗರ್ಜಿಯ ಮಾಡಿನ ಮೇಲೊಬ್ಬ ನಕ್ಷತ್ರವೀಕ್ಷಕ: ಫಾದರ್ ಆಂಜೆಲೊ ಸೆಕ್ಕಿ

ರೋಮ್ ಯಾತ್ರೆ ಮುಗಿಸಿ ಬಂದ ನಮ್ಮ ಕಡೆಯ ಕಥೋಲಿಕ ಕುಟುಂಬಗಳವರು ಸಂತ ಪೇತ್ರರ ಮಹಾ ಬಸಿಲಿಕದ ವೈಭವವನ್ನು ವರ್ಣಿಸುವಷ್ಟು ಬೇರೆ ಇಗರ್ಜಿಗಳ ಮಾತೆತ್ತುವುದಿಲ್ಲ. ಆದರೆ ಅದೇ ನಗರದ ನಡುವೆ, ಇಕ್ಕಟ್ಟಾದ ಬೀದಿಗಳ ಮಧ್ಯದಲ್ಲಿ, ಮಂಗಳೂರಿನವರಿಗೆ ಪರಕೀಯವೆನಿಸಬಾರದ ಇನ್ನೊಂದು ಇಗರ್ಜಿಯಿದೆ. ಅದು ಸಂತ ಇಗ್ನೇಷಿಯಸರ ಇಗರ್ಜಿ. ನಮ್ಮ ನಗರದ ಹಿರಿಯ ಕಾಲೇಜೊಂದು ಯಾವ ಸಂತರ ಹೆಸರನ್ನು ಹೊತ್ತಿದೆಯೋ ಆ ಸಂತ ಅಲೋಶಿಯಸ್ ಗೊನ್ಜಾಗರ ಪವಿತ್ರ ಅವಶೇಷಗಳು ಅಲ್ಲಿನ ಪೀಠವೊಂದರ ಕೆಳಗೆ ವಿಶ್ರಮಿಸಿವೆ. ಅಲ್ಲಿನ ಚಾವಣಿಯ ತುಂಬ ಯೇಸುಸಭೆಯ ಸೋದರ ಆಂದ್ರೆಯಾ ಪೊಜ್ಜೊ ಬರೆದ ಚಿತ್ರಗಳಿವೆ. ಅದೇ ಸಭೆಯ ಇನ್ನೊಬ್ಬ ಸೋದರ ಆಂತೋನಿಯೊ ಮೊಸ್ಕೇನಿ ಎರಡು ಶತಮಾನಗಳ ಬಳಿಕ ಮಂಗಳೂರಿನ ಕಾಲೇಜು ಚಾಪೆಲನ್ನು ಚಿತ್ರಗಳಿಂದ ತುಂಬಿದುದನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಇಗರ್ಜಿಗೆ ಒಂದು ಕೊರತೆಯಿದೆ. ಗುಮ್ಮಟವಿರಬೇಕಾದ ಸ್ಥಳದಲ್ಲಿ ಗುಮ್ಮಟವಿಲ್ಲ! ಕಟ್ಟಲು ಹಣ ಸಾಲಲಿಲ್ಲವೆಂದು ಕೆಲವರು ಹೇಳುತ್ತಾರೆ. ನೆರೆಯಲ್ಲಿದ್ದ ಡೊಮಿನಿಕನ್ ಸಭೆಯವರು ತಮ್ಮ ಗ್ರಂಥಾಲಯಕ್ಕೆ ಬರುವ ಬೆಳಕನ್ನು ಗುಮ್ಮಟ ತಡೆದೀತೆಂದು ಆಕ್ಷೇಪಿಸಿದರೆಂಬ ಕಥೆಯೂ ಇದೆ. ಏನೇ ಇರಲಿ, ಸೋದರ ಪೊಜ್ಜೊ 1685ರಲ್ಲಿ ಸುಮಾರು 17 ಮೀಟರ್ ಅಗಲದ ವೃತ್ತಾಕಾರದ ಬಟ್ಟೆಯ ಮೇಲೆ ಗುಮ್ಮಟದ ಚಿತ್ರವನ್ನೇ ಬರೆದು ಆ ಬಾಯನ್ನು ಮುಚ್ಚಿದರು. ನೆಲದ ಮೇಲೆ ಗುರುತು ಮಾಡಿದ ಒಂದು ಜಾಗದಲ್ಲಿ ನಿಂತು ನೋಡಿದವರಿಗೆ ಅದು ನಿಜವಾದ ಗುಮ್ಮಟವೆಂದೇ ತೋರುತ್ತದೆ. ನಾಲ್ಕು ಹೆಜ್ಜೆ ಆಚೆ ಸರಿದರೆ ಭ್ರಮೆ ಹರಿಯುತ್ತದೆ. ಆದರೆ ಕಲ್ಲಿನ ಗುಮ್ಮಟವನ್ನು ಹೊರಲೆಂದು ಕಟ್ಟಿದ್ದ ದೈತ್ಯ ಕಂಬಗಳು ಮಾತ್ರ ನಿಜವಾದವುಗಳೇ. ಹೊರೆಯಿಲ್ಲದೆ ಅವು ನೂರೈವತ್ತು ವರ್ಷಗಳಿಗೂ ಮಿಕ್ಕಿ ಹಾಗೆಯೇ ನಿಂತಿದ್ದವು. ಆ ಕಂಬಗಳ ಬೆಲೆಯನ್ನು ಅರಿತವರು ಒಬ್ಬ ಗುರು. ಅವರೇ ಫಾದರ್ ಆಂಜೆಲೊ ಸೆಕ್ಕಿ. ನಕ್ಷತ್ರಗಳನ್ನು ಅವುಗಳ ಬೆಳಕಿನ ಗುಣದಿಂದ ವರ್ಗೀಕರಿಸಿ, ಖಗೋಳ ಭೌತವಿಜ್ಞಾನವೆಂದು ಇಂದು ಕರೆಯಲ್ಪಡುವ ಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಅವರು ಅಗ್ರಗಣ್ಯರು.

ಇಟಲಿಯ ಉತ್ತರಭಾಗದ ರೆಜ್ಜೊ ಎಮಿಲಿಯಾ ಎಂಬ ಪಟ್ಟಣದಲ್ಲಿ 1818ರ ಜೂನ್ ತಿಂಗಳಲ್ಲಿ ಸೆಕ್ಕಿ ಜನಿಸಿದರು. ತಂದೆ ಮರಗೆಲಸದವರು. ತಾಯಿ ವ್ಯವಹಾರಜ್ಞಾನವುಳ್ಳ ಗೃಹಿಣಿ. ಮಗನಿಗೆ ಹೊಲಿಗೆ, ಹೆಣಿಗೆಗಳನ್ನು ಕೂಡ ಕಲಿಸಿದ್ದರಂತೆ. ಮುಂದೆ ತಾವೇ ಯಂತ್ರಗಳನ್ನು ಕಲ್ಪಿಸಿ ಜೋಡಿಸುತ್ತಿದ್ದ ಕೈಗಳಿಗೆ ಮರಗೆಲಸದ ಮನೆಯ ಪಾಠವೇ ಮೊದಲ ಪಾಠವಾಗಿತ್ತೆಂದು ಭಾವಿಸಿದರೆ ತಪ್ಪಾಗಲಾರದು. ಊರಿನ ಯೇಸುಸಭೆಯ ಶಾಲೆಯಲ್ಲಿ ಓದಿ, 1833ರ ನವೆಂಬರಿನಲ್ಲಿ, ಹದಿನೈದು ತುಂಬಿದ ಎಳೆಯ ವಯಸ್ಸಿನಲ್ಲಿ, ರೋಮಿನಲ್ಲಿ ಅದೇ ಸಭೆಯನ್ನು ಸೇರಿದರು. ರೋಮನ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮುಗಿಯುವ ಮೊದಲೇ ಅವರ ಗಣಿತ ಮತ್ತು ಭೌತವಿಜ್ಞಾನಗಳ ಪ್ರತಿಭೆ ಮೇಲಧಿಕಾರಿಗಳ ಕಣ್ಣಿಗೆ ಬಿದ್ದಿತ್ತು. 1841ರಲ್ಲಿ ಅವರನ್ನು ಲೊರೆಟೊ ಪಟ್ಟಣದ ಕಾಲೇಜಿಗೆ ಭೌತವಿಜ್ಞಾನದ ಪ್ರಾಧ್ಯಾಪಕರನ್ನಾಗಿ ಕಳುಹಿಸಲಾಯಿತು. ಮಾತೆ ಮರಿಯಳ ಪವಿತ್ರ ಗೃಹದ ಯಾತ್ರಾಸ್ಥಳವೆಂದು ನಾವು ಬಲ್ಲ ಲೊರೆಟೊ ಅದೇ. ಮೂರು ವರ್ಷಗಳ ತರುವಾಯ ದೈವಶಾಸ್ತ್ರದ ಅಧ್ಯಯನಕ್ಕೆಂದು ರೋಮಿಗೆ ಮರಳಿ, 1847ರ ಸೆಪ್ಟೆಂಬರಿನಲ್ಲಿ ಗುರುದೀಕ್ಷೆ ಪಡೆದರು.

ದೀಕ್ಷೆಯ ಸಂಭ್ರಮ ಬಹುಕಾಲ ಉಳಿಯಲಿಲ್ಲ. 1848 ಯುರೋಪಿನಾದ್ಯಂತ ಕ್ರಾಂತಿಯ ವರ್ಷ. ರೋಮಿನಲ್ಲಿ ಎದ್ದ ಗಲಭೆಯಲ್ಲಿ ಯೇಸುಸಭೆಯ ಗುರುಗಳೆಲ್ಲರೂ ನಗರ ತೊರೆಯಬೇಕಾಯಿತು. ಸೆಕ್ಕಿಯವರು ಮೊದಲು ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಕಾಲೇಜಿನಲ್ಲಿ ಆಶ್ರಯ ಪಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ಇತರ ನಿರಾಶ್ರಿತ ಗುರುಗಳೊಡನೆ ಲಿವರ್‌ಪೂಲಿನಿಂದ ಅಮೆರಿಕಕ್ಕೆ ಹಡಗು ಹತ್ತಿದರು. ವಾಷಿಂಗ್ಟನ್ ಬಳಿಯ ಜಾರ್ಜ್‌ಟೌನಿನಲ್ಲಿ ಸಭೆಯವರ ಕಾಲೇಜೂ ಚಿಕ್ಕದೊಂದು ವೀಕ್ಷಣಾಲಯವೂ ಇದ್ದವು. ಅಲ್ಲಿ ದೈವಶಾಸ್ತ್ರದ ಪರೀಕ್ಷೆ ಮುಗಿಸಿದರು, ಪಾಠ ಹೇಳಿದರು, ವಿದ್ಯುತ್ತಿನ ಅಳತೆಯ ವಿಷಯವಾಗಿ ಪ್ರಬಂಧ ಬರೆದರು. ಸಮುದ್ರದ ಗಾಳಿ ಮತ್ತು ಪ್ರವಾಹಗಳ ಶಾಸ್ತ್ರದಲ್ಲಿ ಪ್ರಸಿದ್ಧನಾದ ಮ್ಯಾಥ್ಯೂ ಮೋರಿಯ ಸ್ನೇಹವೂ ಅಲ್ಲಿಯೇ ಒದಗಿತು. ಹವಾಮಾನಶಾಸ್ತ್ರದಲ್ಲಿ ಅವರಿಗೆ ಕೊನೆಯವರೆಗೂ ಉಳಿದ ಆಸಕ್ತಿ ಆ ಸ್ನೇಹದ ಫಲ.

ಇತ್ತ ರೋಮನ್ ಕಾಲೇಜಿನ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫಾದರ್ ಫ್ರಾಂಚೆಸ್ಕೊ ದೆ ವಿಕೊ, ಹಲವು ಧೂಮಕೇತುಗಳನ್ನು ಕಂಡುಹಿಡಿದವರು, ಅದೇ ದೇಶಭ್ರಷ್ಟತೆಯಲ್ಲಿ 1848ರ ನವೆಂಬರಿನಲ್ಲಿ ಲಂಡನಿನಲ್ಲಿ ತೀರಿಕೊಂಡರು. ಮರುವರ್ಷದ ಕೊನೆಗೆ ರೋಮ್ ಶಾಂತವಾದಾಗ ಆ ಸ್ಥಾನಕ್ಕೆ ಸೆಕ್ಕಿಯವರನ್ನು ಕರೆಸಿಕೊಳ್ಳಲಾಯಿತು. 1850ರಲ್ಲಿ ಅವರು ನಿರ್ದೇಶಕರಾದಾಗ ವಯಸ್ಸು ಮೂವತ್ತೆರಡು ಮಾತ್ರ.

ಆ ಕಾಲೇಜಿಗೆ ಖಗೋಳಶಾಸ್ತ್ರದಲ್ಲಿ ದೊಡ್ಡ ಹೆಸರಿತ್ತು. 1582ರಲ್ಲಿ ಜಗದ್ಗುರು 13ನೆಯ ಗ್ರೆಗೊರಿಯವರು ಜಾರಿಗೆ ತಂದ, ನಾವಿಂದಿಗೂ ಬಳಸುವ ಪಂಚಾಂಗದ ಹಿಂದೆ ಅಲ್ಲಿನ ಫಾದರ್ ಕ್ಲಾವಿಯಸರ ಲೆಕ್ಕಾಚಾರವಿತ್ತು. 1611ರಲ್ಲಿ ಗೆಲಿಲಿಯೊವನ್ನು ಸನ್ಮಾನಿಸಿದುದೂ ಅದೇ ಕಾಲೇಜು. ಆಮೇಲೆ ನಡೆದ ಕಹಿ ಪ್ರಕರಣವನ್ನು ನಾವು ಮರೆಯುವಂತಿಲ್ಲ, ಅದು ಬೇರೆ ಮಾತು. ಆದರೆ ಸೆಕ್ಕಿಯವರ ಕೈಗೆ ಬಂದ ವೀಕ್ಷಣಾಲಯ ಕಾಲೇಜಿನ ಮೇಲೆ 1787ರಲ್ಲಿ ಕಟ್ಟಿದ ಹಳೆಯ ಗೋಪುರವೊಂದರಲ್ಲಿತ್ತು. ಎತ್ತರದ ಗೋಪುರ ಗಾಳಿಗೆ ಅಲುಗುತ್ತದೆ. ಬಿಸಿಲಿಗೆ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಕೆಳಗೆ ಗಾಡಿ ಓಡಿದರೆ ನಡುಗುತ್ತದೆ. ಮನುಷ್ಯನ ಕಾಲಿಗೆ ತಿಳಿಯದ ಅಲುಗಾಟ ಅದು. ಆದರೆ ದೂರದರ್ಶಕ ನಕ್ಷತ್ರವನ್ನು ನೂರಾರು ಪಾಲು ಹಿಗ್ಗಿಸುವಾಗ ಆ ಅಲುಗಾಟವನ್ನೂ ಅಷ್ಟೇ ಪಾಲು ಹಿಗ್ಗಿಸುತ್ತದೆ. ದೊಡ್ಡ ಯಂತ್ರವನ್ನು ತಂದು ಅಲ್ಲಿ ನಿಲ್ಲಿಸುವುದು ವ್ಯರ್ಥವೇ ಸರಿ.

ಆಗ ಸೆಕ್ಕಿಯವರ ದೃಷ್ಟಿ ಕಾಲೇಜಿಗೆ ತಾಗಿಕೊಂಡೇ ಇದ್ದ ಸಂತ ಇಗ್ನೇಷಿಯಸರ ಇಗರ್ಜಿಯ ಕಂಬಗಳ ಮೇಲೆ ಬಿತ್ತು. ಸಾವಿರಾರು ಮಣ ಕಲ್ಲನ್ನು ಹೊರಲೆಂದೇ ನೆಲದಾಳದಿಂದ ಎದ್ದುಬಂದ ಆ ಕಂಬಗಳು ಗಾಳಿಗೂ ಗಾಡಿಗೂ ಜಗ್ಗುವಂಥವಲ್ಲ. ಜಗದ್ಗುರು 9ನೆಯ ಭಕ್ತಿನಾಥರು (ಪಿಯುಸರು) ಸಹಾಯಹಸ್ತ ನೀಡಿದರು. 1852-53ರ ವೇಳೆಗೆ ಇಗರ್ಜಿಯ ಮಾಡಿನ ಮೇಲೆ ಹೊಸ ವೀಕ್ಷಣಾಲಯ ಸಿದ್ಧವಾಯಿತು. ಸಭೆಯ ಸೋದರ ಗುರುವೊಬ್ಬರ ಪಿತ್ರಾರ್ಜಿತದ ಹಣದಿಂದ ಮ್ಯೂನಿಕ್ ನಗರದ ಮರ್ಜ್ ಕಾರ್ಖಾನೆಯ ದೂರದರ್ಶಕವೊಂದು ಬಂದಿತು. ಅದರ ಮಸೂರದ ಅಗಲ ಸುಮಾರು 24 ಸೆಂಟಿಮೀಟರ್, ಉದ್ದ ನಾಲ್ಕು ಮೀಟರಿಗೂ ಮಿಕ್ಕಿ. ಕೆಳಗೆ ದಿವ್ಯಬಲಿಪೂಜೆ, ಚಿತ್ರದ ಗುಮ್ಮಟ. ಅದರ ಮೇಲೆ ನಿಜವಾದ ಆಕಾಶವನ್ನು ನೋಡುವ ಯಂತ್ರ. ರೋಮಿನ ಜನರಿಗೂ ಆ ವೀಕ್ಷಣಾಲಯ ದಿನನಿತ್ಯದ ಉಪಯೋಗಕ್ಕೆ ಬರುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅಲ್ಲಿಂದ ಗೋಲವೊಂದನ್ನು ಇಳಿಸಿದ ಸಂಜ್ಞೆ ಕಂಡು ಸಂತ ಆಂಜೆಲೊ ಕೋಟೆಯ ಫಿರಂಗಿ ಹಾರುತ್ತಿತ್ತು. ಆ ಸದ್ದಿಗೆ ನಗರದ ಇಗರ್ಜಿಗಳೆಲ್ಲ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಂಡು ಗಂಟೆ ಬಾರಿಸುತ್ತಿದ್ದವು.

ಅನಂತರದ ಹದಿನೈದಿಪ್ಪತ್ತು ವರ್ಷಗಳ ಅವರ ದುಡಿಮೆಯನ್ನು ನೋಡಿದರೆ ಒಬ್ಬನೇ ಮನುಷ್ಯ ಇಷ್ಟನ್ನು ಹೇಗೆ ಮಾಡಿದನೆಂದು ಆಶ್ಚರ್ಯವಾಗುತ್ತದೆ. ಪ್ರಾಚೀನ ಆಪ್ಪಿಯಾ ಹೆದ್ದಾರಿಯ ಗುಂಟ ನೆಲದ ಅಳತೆ ಮಾಡಿ ಭೂಪಟಕ್ಕೆ ಆಧಾರರೇಖೆ ಹಾಕಿಕೊಟ್ಟರು. ತಂತಿಯ ಮೂಲಕ ಊರೂರಿನ ಹವೆಯ ಸುದ್ದಿ ತರಿಸಿಕೊಂಡರು. ಗಾಳಿಯ ವೇಗ, ಮಳೆ, ಉಷ್ಣತೆ, ವಾಯುಭಾರಗಳನ್ನು ತಾನೇ ಕಾಗದದ ಮೇಲೆ ಬರೆಯುವ ಯಂತ್ರವೊಂದನ್ನು ರಚಿಸಿದರು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದು ಜನರ ಕಣ್ಮನ ಸೆಳೆದು ಅವರಿಗೆ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವವನ್ನು ತಂದಿತ್ತಿತು. ಕಾಲೇಜಿನಲ್ಲಿ ಖಗೋಳದ ಪಾಠಗಳೂ ನಿಲ್ಲಲಿಲ್ಲ. ಏಳುನೂರಕ್ಕೂ ಮಿಗಿಲಾದ ಲೇಖನ, ಪ್ರಬಂಧಗಳನ್ನು ಬರೆದರು. ಇಷ್ಟೆಲ್ಲ ಅವಸರದಲ್ಲಿ ಕೆಲವು ತಪ್ಪುಗಳೂ ಆದವು. ಸೂರ್ಯನ ವ್ಯಾಸ ಹೆಚ್ಚು ಕಡಿಮೆಯಾಗುತ್ತದೆಂದು ಅವರು ವಾದಿಸಿದ್ದು ನಿಲ್ಲಲಿಲ್ಲ. ರೋಮಿನ ಇನ್ನೊಂದು ವೀಕ್ಷಣಾಲಯದ ಲೊರೆಂಜೊ ರೆಸ್ಪೀಗಿಯವರೊಡನೆ ಅವರು ನಡೆಸಿದ ಕಲಹ ಇಬ್ಬರಿಗೂ ಶೋಭೆ ತರುವಂಥದಲ್ಲ. 1858ರಲ್ಲಿ ಮಂಗಳಗ್ರಹದ ಚಿತ್ರ ಬರೆದಾಗ ಒಂದು ಕಪ್ಪು ಭಾಗವನ್ನು ಅವರು ಕಾಲುವೆಯೆಂದು ಹೆಸರಿಸಿದರು. ಮುಂದೆ ಬೇರೆಯವರ ಕೈಯಲ್ಲಿ ಆ ಮಾತು ಬೆಳೆದು, ಮಂಗಳದಲ್ಲಿ ಬುದ್ಧಿಜೀವಿಗಳು ತೋಡಿದ ಕಾಲುವೆಗಳಿವೆಯೆಂಬ ಕಟ್ಟುಕಥೆಯವರೆಗೆ ಹೋಯಿತು.

ಕಡಲತೀರದವರಾದ ನಮಗೆ ಅವರ ಇನ್ನೊಂದು ಪ್ರಯೋಗ ಹತ್ತಿರದ್ದು. 1865ರ ಏಪ್ರಿಲಿನಲ್ಲಿ ಜಗದ್ಗುರುಗಳ ನೌಕೆಯಾದ ‘ಅಮಲೋದ್ಭವಿ’ಯಲ್ಲಿ ಕಪ್ತಾನ ಅಲೆಸ್ಸಾಂದ್ರೊ ಚಾಲ್ದಿಯವರೊಡನೆ ಅವರು ಮೆಡಿಟರೇನಿಯನ್ ಸಮುದ್ರಕ್ಕೆ ಹೋದರು. ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಅಳೆದರು. ನೀರು ಎಷ್ಟು ತಿಳಿಯಾಗಿದೆ, ಬೆಳಕು ಎಷ್ಟು ಆಳಕ್ಕಿಳಿಯುತ್ತದೆ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ಕೆಲಸ ಸರಳವಾಗಿದ್ದರೂ, ಸೂರ್ಯನ ಎತ್ತರ, ತಟ್ಟೆಯ ಬಣ್ಣ, ಹಡಗಿನ ನೆರಳು, ಇವುಗಳಿಂದ ಅಳತೆ ಹೇಗೆ ಬದಲಾಗುತ್ತದೆಂಬುದನ್ನು ಕೂಡ ಅವರು ಕ್ರಮವಾಗಿ ಪರೀಕ್ಷಿಸಿದರು. ಆ ತಟ್ಟೆಗೆ ಇಂದಿಗೂ ಸೆಕ್ಕಿ ತಟ್ಟೆಯೆಂದೇ ಹೆಸರು.

ಆದರೆ ಅವರ ಕೀರ್ತಿ ಮುಖ್ಯವಾಗಿ ನಿಂತಿರುವುದು ಸೂರ್ಯ ಮತ್ತು ನಕ್ಷತ್ರಗಳ ಮೇಲೆ. 1860ರ ಜುಲೈ 18ರಂದು ಸ್ಪೇನಿನಲ್ಲಿ ಸೂರ್ಯನ ಖಗ್ರಾಸ ಗ್ರಹಣವಾಯಿತು. ಕಾರ್ಮೆಲ್ ಸಭೆಯ ಆಶ್ರಮವಿರುವ ದೆಸಿಯೆರ್ತೊ ದೆ ಲಾಸ್ ಪಾಲ್ಮಾಸ್ ಎಂಬ ಬೆಟ್ಟದಿಂದ ಸೆಕ್ಕಿಯವರ ತಂಡ ಗ್ರಹಣದ ಛಾಯಾಚಿತ್ರ ತೆಗೆಯಿತು. ಇಂಗ್ಲೆಂಡಿನ ವಾರೆನ್ ದೆ ಲಾ ರೂ ದೂರದ ಇನ್ನೊಂದು ಸ್ಥಳದಿಂದ ತೆಗೆದರು. ಕಪ್ಪು ಬಿಂಬದ ಅಂಚಿನಲ್ಲಿ ಕಾಣಿಸುವ ಕೆಂಪು ಜ್ವಾಲೆಗಳು ಚಂದ್ರನವೋ, ಸೂರ್ಯನವೋ, ಅಥವಾ ಬರಿಯ ಕಣ್ಣಿನ ಭ್ರಮೆಯೋ ಎಂಬ ವಾದ ಆಗ ಜೋರಾಗಿತ್ತು. ಎರಡೂ ಕಡೆಯ ಚಿತ್ರಗಳನ್ನು ಹೋಲಿಸಿದಾಗ ಜ್ವಾಲೆಗಳು ಒಂದೇ ಆಕಾರದಲ್ಲಿದ್ದವು. ಚಂದ್ರಬಿಂಬ ಅವುಗಳ ಮೇಲೆ ಸರಿದುಹೋದುದು ಸ್ಪಷ್ಟವಾಗಿ ಕಂಡಿತು. ಜ್ವಾಲೆಗಳು ಸೂರ್ಯನವೇ ಎಂದು ತೀರ್ಮಾನವಾಯಿತು.

ನಕ್ಷತ್ರಗಳ ಕಥೆ ಇನ್ನೂ ದೊಡ್ಡದು. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕೋಂಟ್ 1835ರಲ್ಲಿ, ನಕ್ಷತ್ರಗಳು ಯಾವ ದ್ರವ್ಯದಿಂದಾಗಿವೆಯೆಂಬುದು ಮಾನವನಿಗೆ ಎಂದೂ ತಿಳಿಯಲಾರದೆಂಬ ಅಭಿಪ್ರಾಯ ಕೊಟ್ಟಿದ್ದನು. ಕಾಲು ಶತಮಾನದೊಳಗೆ ಆ ಅಭಿಪ್ರಾಯ ಸುಳ್ಳಾಯಿತು. ಬೆಳಕನ್ನು ತ್ರಿಕೋನ ಗಾಜಿನ ಮೂಲಕ ಹಾಯಿಸಿದರೆ ಕಾಮನಬಿಲ್ಲಿನಂತಹ ಬಣ್ಣದ ಪಟ್ಟಿ ಮೂಡುತ್ತದೆ. ಇದಕ್ಕೆ ರೋಹಿತವೆಂದು ಹೆಸರು. ಸೂರ್ಯನ ರೋಹಿತದ ನಡುವೆ ಕಪ್ಪು ಗೆರೆಗಳಿರುವುದು ಮೊದಲೇ ಗೊತ್ತಿತ್ತು. ಒಂದೊಂದು ಧಾತುವಿಗೂ ಅದರದೇ ಗೆರೆಗಳಿವೆ, ಗೆರೆ ಕಂಡರೆ ಧಾತುವಿದೆ ಎಂಬುದನ್ನು ಜರ್ಮನಿಯ ಕಿರ್ಕಾಫ್ ಮತ್ತು ಬುನ್ಸೆನ್ 1859-60ರಲ್ಲಿ ತೋರಿಸಿಕೊಟ್ಟರು. ಫ್ರೆಂಚ್ ವಿಜ್ಞಾನಿ ಜಾನ್ಸೆನ್ 1862ರ ಚಳಿಗಾಲದಲ್ಲಿ ತನ್ನ ರೋಹಿತದರ್ಶಕದೊಂದಿಗೆ ರೋಮಿಗೆ ಬಂದಾಗ ಸೆಕ್ಕಿಯವರಿಗೆ ಹೊಸ ಹಾದಿ ತೆರೆಯಿತು. ಇದೇ ಜಾನ್ಸೆನ್ 1868ರ ಗ್ರಹಣಕ್ಕೆ ನಮ್ಮ ನೆರೆಯ ಆಂಧ್ರದ ಗುಂಟೂರಿಗೆ ಬಂದವರು.

ಬೇರೆಯವರು ಕೆಲವೇ ಹೊಳೆಯುವ ನಕ್ಷತ್ರಗಳನ್ನು ಆರಿಸಿಕೊಂಡು ಗೆರೆಗೆರೆಯನ್ನೂ ಅಳೆಯುತ್ತಿದ್ದ ವೇಳೆಯಲ್ಲಿ ಸೆಕ್ಕಿಯವರು ಬೇರೊಂದು ಪ್ರಶ್ನೆ ಕೇಳಿದರು. ಆಕಾಶದಲ್ಲಿ ನಕ್ಷತ್ರಗಳು ಅಸಂಖ್ಯ. ಆದರೆ ಅವುಗಳ ಜಾತಿಗಳೂ ಅಸಂಖ್ಯವೇ? ಉತ್ತರಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ರೋಹಿತವನ್ನು ಪರಿಶೀಲಿಸಿದರು. ಅಂದು ನಕ್ಷತ್ರದ ರೋಹಿತಕ್ಕೆ ಛಾಯಾಚಿತ್ರವಿನ್ನೂ ಒದಗಿ ಬಂದಿರಲಿಲ್ಲ. ಕಣ್ಣಿನಿಂದ ಕಂಡು ಕೈಯಿಂದ ಬರೆದುಕೊಳ್ಳಬೇಕು. ನಕ್ಷತ್ರದ ಕ್ಷೀಣ ಬೆಳಕನ್ನು ಪಟ್ಟಿಯಾಗಿ ಹರಡಿದಾಗ ಅದು ಇನ್ನೂ ಕ್ಷೀಣವಾಗುತ್ತದೆ. ಅಂತಹ ಪಟ್ಟಿಯಲ್ಲಿ ಕೂದಲೆಳೆಯ ಗೆರೆಗಳನ್ನು ಗುರುತಿಸಬೇಕಾದರೆ ಯಂತ್ರ ಅಲುಗಬಾರದು. ಇಗರ್ಜಿಯ ಕಂಬಗಳು ಇಲ್ಲಿ ಉಪಕಾರಕ್ಕೆ ಬಂದವು.

ಅಸಂಖ್ಯ ನಕ್ಷತ್ರಗಳ ಜಾತಿಗಳು ಬೆರಳೆಣಿಕೆಯಷ್ಟೇ ಎಂಬುದು ಅವರಿಗೆ ದೊರೆತ ಉತ್ತರ. ಲುಬ್ಧಕ, ಅಭಿಜಿತ್ ಮುಂತಾದ ಬಿಳಿಯ ನಕ್ಷತ್ರಗಳಲ್ಲಿ ಜಲಜನಕದ ದಪ್ಪ ಗೆರೆಗಳು ಕೆಲವೇ ಇರುವವು. ಇವು ಮೊದಲನೆಯ ವರ್ಗ. ಸ್ವಾತಿ, ಬ್ರಹ್ಮಹೃದಯಗಳಂತೆ ಹಳದಿಯಾಗಿದ್ದು ಲೋಹಗಳ ಸಣ್ಣ ಗೆರೆಗಳಿಂದ ತುಂಬಿರುವವು ಎರಡನೆಯ ವರ್ಗ. ನಮ್ಮ ಸೂರ್ಯ ಈ ಗುಂಪಿನವನು. ಆರ್ದ್ರಾ, ಜ್ಯೇಷ್ಠಾ ನಕ್ಷತ್ರಗಳಂತೆ ಕೆಂಪಾಗಿದ್ದು ಅಗಲವಾದ ಪಟ್ಟೆಗಳುಳ್ಳವು ಮೂರನೆಯ ವರ್ಗ. 1868ರಲ್ಲಿ ಮಂಕಾದ ಕಡುಗೆಂಪು ನಕ್ಷತ್ರಗಳ ನಾಲ್ಕನೆಯ ವರ್ಗವನ್ನು ಸೇರಿಸಿದರು. ಇಂಗಾಲದ ಗುರುತು ಅವುಗಳಲ್ಲಿತ್ತು. ಕಪ್ಪು ಗೆರೆಗಳ ಬದಲು ಹೊಳೆಯುವ ಗೆರೆಗಳುಳ್ಳ ಅಪರೂಪದ ನಕ್ಷತ್ರಗಳಿಗೆ ಕೊನೆಯಲ್ಲಿ ಐದನೆಯದೊಂದನ್ನು ಮಾಡಿದರು. ಹುಣ್ಣಿಮೆಯಿಲ್ಲದ ರಾತ್ರಿ ಅಂಗಳಕ್ಕಿಳಿದು ಲುಬ್ಧಕವನ್ನೂ ಆರ್ದ್ರೆಯನ್ನೂ ನೋಡಿದ ಮಗು ಒಂದು ಬಿಳಿ, ಒಂದು ಕೆಂಪು ಎಂದು ಹೇಳಬಲ್ಲದು. ಆ ವ್ಯತ್ಯಾಸ ನಕ್ಷತ್ರದ ಮೈಯ ಬಿಸಿಯನ್ನು ಸೂಚಿಸುತ್ತದೆಂದು ಈಗ ನಮಗೆ ತಿಳಿದಿದೆ. ಅಮೆರಿಕದ ಹಾರ್ವರ್ಡಿನಲ್ಲಿ ಮುಂದೆ ಛಾಯಾಚಿತ್ರಗಳ ನೆರವಿನಿಂದ ಲಕ್ಷಗಟ್ಟಲೆ ನಕ್ಷತ್ರಗಳ ವರ್ಗೀಕರಣ ನಡೆದು ಸೆಕ್ಕಿಯವರ ಐದು ವರ್ಗಗಳು ಹಿಂದೆ ಸರಿದವು. ಆದರೆ ಇಂದಿನ ವಿಂಗಡಣೆಯ ಹೊಲಬು ಅವರದೇ.

ಹೀಗೆ ಕೆಲಸ ತುಂಬಿ ಹರಿಯುತ್ತಿರುವಾಗಲೇ ಪರೀಕ್ಷೆಯ ಕಾಲ ಬಂದಿತು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮನ್ನು ಪ್ರವೇಶಿಸಿತು. ಜಗದ್ಗುರುಗಳ ರಾಜ್ಯ ಅಳಿಯಿತು. 9ನೆಯ ಭಕ್ತಿನಾಥರು ವ್ಯಾಟಿಕನ್ನಿನೊಳಗೆ ಉಳಿದರು. ರೋಮನ್ ಕಾಲೇಜಿನ ಕಟ್ಟಡದಲ್ಲಿ ಸರಕಾರಿ ಶಾಲೆ ತೆರೆಯಿತು. ಹೊಸ ಸರಕಾರಕ್ಕೆ ಸೆಕ್ಕಿಯವರಂತಹ ಜಗದ್ವಿಖ್ಯಾತ ವಿಜ್ಞಾನಿ ತನ್ನವರೆನಿಸಿದರೆ ದೊಡ್ಡ ಗೌರವ. ರೋಮ್ ವಿಶ್ವವಿದ್ಯಾನಿಲಯದಲ್ಲಿ ಅವರಿಗೆಂದೇ ಪ್ರಾಧ್ಯಾಪಕ ಪೀಠವನ್ನು ನೀಡಲು ಮುಂದೆ ಬಂದಿತು. ಸೆಕ್ಕಿಯವರು ಮೊದಲು ಒಪ್ಪಿಕೊಂಡರೆಂಬುದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ತಾನು ದೂರ ಸರಿದರೆ ಇಪ್ಪತ್ತು ವರ್ಷಗಳ ಶ್ರಮದ ವೀಕ್ಷಣಾಲಯ ಕೈತಪ್ಪೀತೆಂಬ ಭಯ ಅವರಿಗಿತ್ತು. ಆದರೆ ಆ ಪದವಿಯ ಜೊತೆಗೆ ಹೊಸ ರಾಜ್ಯಕ್ಕೆ ನಿಷ್ಠೆಯ ಪ್ರಶ್ನೆ ಬಂದಿತು. ಕಥೋಲಿಕ ವಲಯದಲ್ಲಿ ಕಟುವಾದ ಟೀಕೆಗಳೂ ಎದ್ದವು. ಅವರು ಪೀಠವನ್ನು ಬಿಟ್ಟುಕೊಟ್ಟರು.

ಅದರ ನಂತರದ ಎಂಟು ವರ್ಷ ಅವರದು ನಡುಗಡ್ಡೆಯ ಬಾಳು. ಜಗದ್ಗುರುಗಳ ಪಕ್ಷದಲ್ಲಿದ್ದವರಿಗೆ ಅವರು ಸರಕಾರದವರೊಡನೆ ಸಲಿಗೆಯುಳ್ಳವರೆಂಬ ಸಂಶಯ. ಸರಕಾರದ ಪಕ್ಷದವರಿಗೆ ಅವರು ಹೇಳಿದ ಮಾತು ಕೇಳದ ಯೇಸುಸಭೆಯವರು. ಅಂತರರಾಷ್ಟ್ರೀಯ ಮೀಟರ್ ಆಯೋಗದ ಸಭೆಗೆ 1872ರಲ್ಲಿ ಪ್ಯಾರಿಸಿಗೆ ಹೋದಾಗ ಜಗದ್ಗುರುಗಳ ಪ್ರತಿನಿಧಿಯಾಗಿಯೇ ಹೋದರು. 1873ರ ಜೂನ್ ತಿಂಗಳ ಕಾನೂನು ರೋಮಿನ ಧಾರ್ಮಿಕ ಸಭೆಗಳನ್ನೆಲ್ಲ ವಿಸರ್ಜಿಸಿ ಅವುಗಳ ಆಸ್ತಿಯನ್ನು ಸರಕಾರಕ್ಕೆ ಸೇರಿಸಿತು. ಸಂಗಾತಿಗಳು ಚದುರಿದರು. ಆದರೂ ಇಗರ್ಜಿಯ ಮಾಡಿನ ಮೇಲಿನ ವೀಕ್ಷಣಾಲಯದಿಂದ ಸೆಕ್ಕಿಯವರನ್ನು ಎಬ್ಬಿಸಲು ಸರಕಾರ ಮುಂದಾಗಲಿಲ್ಲ. ಯುರೋಪಿನ ವಿಜ್ಞಾನಿಗಳು ಅವರ ಮೇಲಿಟ್ಟಿದ್ದ ಗೌರವವೇ ಅವರಿಗೆ ಕವಚವಾಯಿತು. ಅವರು ಪಟ್ಟ ಬೇಗುದಿಯನ್ನು ಎಣಿಸಿದರೆ, ಒಂದೇ ಸಲ ಎಲ್ಲವನ್ನೂ ಬಿಟ್ಟು ವಿದೇಶಕ್ಕೆ ಹೋಗಿದ್ದರೆ ಸುಖವಿತ್ತೆಂದು ಅನಿಸದಿರದು. 1848ರಲ್ಲಿ ಹಾಗೆ ಹೋಗಿ ಬಂದವರೇ ಅಲ್ಲವೇ? ಆದರೆ ಈ ಸಲ ಅವರು ಕಂಬ ಬಿಟ್ಟು ಕದಲಲಿಲ್ಲ.

ಆಶ್ಚರ್ಯವೆಂದರೆ, ಅವರ ಸೂರ್ಯಸಂಬಂಧದ ಶ್ರೇಷ್ಠ ಕೆಲಸವೆಲ್ಲ ಈ ಕಷ್ಟಕಾಲದ ಫಸಲು. ‘ಸೂರ್ಯ’ ಎಂಬ ಅವರ ಫ್ರೆಂಚ್ ಗ್ರಂಥ 1870ರಲ್ಲಿ ಹೊರಬಿತ್ತು. 1875ರಿಂದ 1877ರ ಅವಧಿಯಲ್ಲಿ ಎರಡು ಸಂಪುಟಗಳಾಗಿ ಬೆಳೆಯಿತು. ಗ್ರಹಣವಿಲ್ಲದ ದಿನಗಳಲ್ಲಿಯೂ ರೋಹಿತದರ್ಶಕದಿಂದ ಸೂರ್ಯನ ಅಂಚನ್ನು ಸುತ್ತಿ ನೋಡಿ ಜ್ವಾಲೆಗಳ ಚಿತ್ರ ಬರೆದರು. ಶಾಂತವಾಗಿ ತೂಗುವವು, ಸಿಡಿದೇಳುವವು ಎಂದು ವಿಂಗಡಿಸಿದರು. ತಮ್ಮ ಆಪ್ತ ಸಹಯೋಗಿ ಪಿಯೆತ್ರೊ ತಕ್ಕೀನಿಯವರ ಜೊತೆಗೂಡಿ 1871ರಲ್ಲಿ ಇಟಲಿಯ ರೋಹಿತವಿಜ್ಞಾನಿಗಳ ಸಂಘವನ್ನು ಕಟ್ಟಿದರು. ಪಲೆರ್ಮೊದಲ್ಲಿದ್ದ ತಕ್ಕೀನಿ ಹೊಸ ಸರಕಾರದ ನೌಕರರು. ಸೆಕ್ಕಿ ಅದರಿಂದ ವಿಸರ್ಜಿತವಾದ ಸಭೆಯ ಗುರು. ರಾಜಕೀಯದ ಗೋಡೆ ಆ ಸ್ನೇಹಕ್ಕೆ ಅಡ್ಡಬರಲಿಲ್ಲ. ಒಂದು ಊರಿನಲ್ಲಿ ಮೋಡವಿದ್ದರೆ ಇನ್ನೊಂದು ಊರಿನಲ್ಲಿ ಸೂರ್ಯ ಕಂಡಾನೆಂಬ ಲೆಕ್ಕದಿಂದ ಹಲವೆಡೆ ಏಕಕಾಲದಲ್ಲಿ ಸೂರ್ಯನನ್ನು ನೋಡುವ ಏರ್ಪಾಡನ್ನು ಆ ಸಂಘ ಮಾಡಿತು.

ಅದೇ ತಕ್ಕೀನಿ 1874ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದರು. ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋಗುವ ಅಪರೂಪದ ದೃಶ್ಯವನ್ನು ರೋಹಿತದರ್ಶಕದ ಮೂಲಕ ನೋಡಲು ಬಂಗಾಳದ ಮುದ್ದಾಪುರದಲ್ಲಿ ಇಟಲಿಯ ತಂಡ ಬಿಡಾರ ಹೂಡಿತು. ಕಲ್ಕತ್ತೆಯ ಸಂತ ಝೇವಿಯರ್ ಕಾಲೇಜಿನ ಯೇಸುಸಭೆಯ ಗುರು ಫಾದರ್ ಯುಜೀನ್ ಲಾಫೋಂ ಅವರ ಜೊತೆಗಿದ್ದರು. ಅಲ್ಲಿ ಕಂಡುದರಿಂದ ಉತ್ಸಾಹಗೊಂಡ ಲಾಫೋಂ ಮರುವರ್ಷವೇ ಹಣ ಕೂಡಿಸಿ ತಮ್ಮ ಕಾಲೇಜಿನ ಮಾಡಿನ ಮೇಲೆ ವೀಕ್ಷಣಾಲಯವನ್ನು ಕಟ್ಟಿಸಿದರು. ಜಗದೀಶ್ಚಂದ್ರ ಬೋಸರಿಗೆ ಭೌತವಿಜ್ಞಾನದ ರುಚಿ ಹತ್ತಿಸಿದ ಗುರುಗಳು ಈ ಲಾಫೋಂ.

ಹೊಟ್ಟೆಯ ವಾಸಿಯಾಗದ ರೋಗದಿಂದ ಸೆಕ್ಕಿಯವರು ನರಳತೊಡಗಿದರು. 1878ರ ಆರಂಭ ರೋಮಿಗೆ ಸಾವಿನ ಕಾಲವಾಗಿತ್ತು. ಜನವರಿ 9ರಂದು ಅರಸ ವಿತ್ತೋರಿಯೊ ಎಮಾನುಎಲೆ ಮಡಿದನು. ಫೆಬ್ರವರಿ 7ರಂದು ಜಗದ್ಗುರು 9ನೆಯ ಭಕ್ತಿನಾಥರು ದೈವಾಧೀನರಾದರು. ಅದೇ ತಿಂಗಳ 26ರಂದು, ಅರುವತ್ತು ತುಂಬುವ ಮೊದಲೇ, ಫಾದರ್ ಸೆಕ್ಕಿ ಕಣ್ಮುಚ್ಚಿದರು. ರೋಮನ್ನು ಕಳೆದುಕೊಂಡವರು, ಗೆದ್ದುಕೊಂಡವನು, ಇಬ್ಬರ ನಡುವೆ ಸಿಲುಕಿ ಆಕಾಶ ನೋಡಿದವರು, ಮೂವರೂ ಐವತ್ತು ದಿನಗಳೊಳಗೆ ತೀರಿಕೊಂಡರು.

ಸೆಕ್ಕಿಯವರ ಗೌರವದಿಂದ ಉಳಿದಿದ್ದ ವೀಕ್ಷಣಾಲಯ ಅವರೊಂದಿಗೇ ಹೋಯಿತು. ಉತ್ತರಾಧಿಕಾರಿಯಾಗಿ ಬಂದ ಫಾದರ್ ಫೆರ್ರಾರಿಯವರನ್ನು ಬಿಡಿಸಿ 1879ರಲ್ಲಿ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಹೊಸ ನಿರ್ದೇಶಕರಾಗಿ ಬಂದವರು ತಕ್ಕೀನಿ! ಅವರನ್ನು ದೂರುವುದು ನ್ಯಾಯವಲ್ಲ. ಯೋಗ್ಯರಲ್ಲದ ಇನ್ನೊಬ್ಬರ ಪಾಲಾಗುವುದಕ್ಕಿಂತ ಸೆಕ್ಕಿಯವರ ಯಂತ್ರಗಳು ಸೆಕ್ಕಿಯವರ ಗೆಳೆಯನ ಕೈ ಸೇರಿದುದು ಲೇಸೇ ಆಯಿತು. ಸೆಕ್ಕಿಯವರು ತೀರಿಕೊಂಡ 1878ರ ಡಿಸೆಂಬರ್ 31ರಂದೇ ಯೇಸುಸ್ವಾಮಿಯ ಹೆಸರಿನ ಅದೇ ಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದುದು ನಮ್ಮ ಹಿರಿಯರಿಗೆ ನೆನಪಿನಲ್ಲಿರುವ ದಿನ.

ಜಗದ್ಗುರು 13ನೆಯ ಸಿಂಹರಾಯರು (ಲಿಯೊ) 1891ರಲ್ಲಿ ವ್ಯಾಟಿಕನ್ನಿನಲ್ಲಿಯೇ ಹೊಸ ವೀಕ್ಷಣಾಲಯವನ್ನು ತೆರೆದರು. ಬಾರ್ನಬೈಟ್ ಸಭೆಯ ಫಾದರ್ ಫ್ರಾಂಚೆಸ್ಕೊ ದೆಂಜಾ ಅದರ ಮೊದಲ ನಿರ್ದೇಶಕರು. ಕೆಲವು ವರ್ಷಗಳ ತರುವಾಯ ಅದರ ಹೊಣೆ ಯೇಸುಸಭೆಯವರಿಗೆ ಬಂದಿತು. ಸೆಕ್ಕಿಯವರಿಗೆ ಅಲುಗಾಟ ಶತ್ರುವಾಗಿದ್ದರೆ ಇವರಿಗೆ ಎದುರಾದುದು ಬೆಳಕು. ವಿದ್ಯುದ್ದೀಪಗಳಿಂದ ರೋಮಿನ ಇರುಳೇ ಮಾಯವಾಗತೊಡಗಿದಾಗ ಜಗದ್ಗುರು 11ನೆಯ ಭಕ್ತಿನಾಥರು ವೀಕ್ಷಣಾಲಯವನ್ನು ನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಕಾಸ್ತೆಲ್ ಗಾಂದೊಲ್ಫೊ ಬೇಸಗೆ ಅರಮನೆಗೆ ವರ್ಗಾಯಿಸಿ 1935ರಲ್ಲಿ ಉದ್ಘಾಟಿಸಿದರು. ದೀಪಗಳು ಅಲ್ಲಿಗೂ ಬೆನ್ನಟ್ಟಿ ಬಂದವು. 1981ರಲ್ಲಿ ಗುರುಗಳು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನಿನಲ್ಲಿ ಸಂಶೋಧನಾ ತಂಡವನ್ನು ನೆಲೆಗೊಳಿಸಿದರು. 1993ರಲ್ಲಿ ಅಲ್ಲಿನ ಗ್ರಹಾಂ ಪರ್ವತದ ಮೇಲೆ, ಮೂರು ಸಾವಿರ ಮೀಟರಿಗೂ ಮಿಕ್ಕಿದ ಎತ್ತರದಲ್ಲಿ, 1.8 ಮೀಟರ್ ಅಗಲದ ಕನ್ನಡಿಯ ದೂರದರ್ಶಕವನ್ನು ಪ್ರತಿಷ್ಠಾಪಿಸಲಾಯಿತು. ಆ ಪರ್ವತ ತಮಗೆ ಪವಿತ್ರವೆಂದು ಅಲ್ಲಿನ ಅಪಾಚೆ ಬುಡಕಟ್ಟಿನ ಹಲವರು ಪ್ರತಿಭಟಿಸಿದ್ದರೆಂಬುದನ್ನೂ ಹೇಳಬೇಕು. ಕತ್ತಲೆಯುಳ್ಳ ಎತ್ತರದ ತಾಣಗಳು ಭೂಮಿಯ ಮೇಲೆ ಎಷ್ಟು ಕಡಿಮೆಯಾಗಿವೆಯೆಂದರೆ, ಉಳಿದವುಗಳಿಗೆ ಹಕ್ಕುದಾರರು ಒಬ್ಬರಿಗಿಂತ ಹೆಚ್ಚು.

ಚಂದ್ರನಲ್ಲಿಯೂ ಮಂಗಳನಲ್ಲಿಯೂ ಒಂದೊಂದು ಕುಳಿಗೆ ಸೆಕ್ಕಿಯವರ ಹೆಸರಿಡಲಾಗಿದೆ. ಅಮೆರಿಕವು 2006ರಲ್ಲಿ ಸೂರ್ಯನನ್ನು ಎರಡು ದಿಕ್ಕಿನಿಂದ ನೋಡಲು ಹಾರಿಸಿದ ‘ಸ್ಟೀರಿಯೊ’ ಜೋಡಿನೌಕೆಗಳ ಸೌರದರ್ಶಕ ಉಪಕರಣಗಳ ಗುಚ್ಛಕ್ಕೂ ಅದೇ ಹೆಸರು. ಸ್ಪೇನಿನ ಬೆಟ್ಟದ ಮೇಲೆ 1860ರಲ್ಲಿ ನಡೆದುದು ಅದೇ ಕೆಲಸವಲ್ಲವೇ, ಇಬ್ಬರು ಎರಡು ಕಡೆ ನಿಂತು ಒಂದೇ ಸೂರ್ಯನನ್ನು ನೋಡಿದುದು? ಇನ್ನು ಆ ಬಿಳಿಯ ತಟ್ಟೆಯಂತೂ ಸಮುದ್ರ, ಸರೋವರಗಳನ್ನು ಅಭ್ಯಸಿಸುವವರ ದೋಣಿಯಲ್ಲಿ ಇಂದಿಗೂ ಹಗ್ಗದ ಜೊತೆಗೆ ಸುತ್ತಿಟ್ಟಿರುತ್ತದೆ.